ಬೆಳ್ಳಿತೆರೆಯ ಕಾರು ಚಾರ್ಮಾಡಿ ಘಾಟಿ ಹತ್ತಿತು!

ಚಿತ್ರರಸಿಕರೇ, ಒಂದು ಪ್ರಶ್ನೆ ಕೇಳುತ್ತೇನೆ, ಎದೆ ಮುಟ್ಟಿಕೊಂಡು ಉತ್ತರ ಹೇಳಿ. ಹೀರೋ ಕಾರು ಹತ್ತಿ ಸೀಟ್ ಬೆಲ್ಟ್ ಹಾಕಿಕೊಂಡದ್ದನ್ನು ನೀವು ಎಷ್ಟು ಸಿನಿಮಾದಲ್ಲಿ ನೋಡಿದ್ದೀರಿ? ಬೆರಳು ಮಡಚಿ ಎಣಿಸಿ. ಒಂದು ಕೈಯ ಬೆರಳುಗಳೇ ಜಾಸ್ತಿಯಾದವು, ಅಲ್ವಾ? ನಮ್ಮ ಹೀರೋ ಬಾಗಿಲು ತೆಗೆಯುವ ಗೋಜಿಗೇ ಹೋಗುವುದಿಲ್ಲ. ಜಿಗಿದು ಸೀಟಿನಲ್ಲಿ ಕೂತ, ಕೀಲಿ ತಿರುಗಿಸಿದ, ಧೂಳೆಬ್ಬಿಸಿದ, ಹೋದ! ಗಾಂಧಿ ಕ್ಲಾಸಿನಲ್ಲಿ ಕೂತ ನಾವು ಸಿಳ್ಳೆ ಹೊಡೆದೆವು. ಬೆಲ್ಟ್ ಹಾಕಿಕೊಳ್ಳುವ ಹೀರೋಗೆ ಯಾರಾದರೂ ಸಿಳ್ಳೆ ಹೊಡೆದದ್ದುಂಟಾ?

ಈ ಮಾತು ಯಾಕೆ ಬಂತೆಂದರೆ, ಒಂದು ಕಾಲದಲ್ಲಿ ನಾವು ಪರದೆಯ ಮೇಲೆ ಬಾಯಿಬಿಟ್ಟು ನೋಡಿದ ಮಾಯದ ಕಾರು ಈಗ ನಮ್ಮ ಬೆಳ್ತಂಗಡಿಯ ಪೇಟೆಯಲ್ಲೇ ಓಡಾಡುತ್ತಿದೆ. ತಾನಾಗಿ ಬ್ರೇಕ್ ಹಾಕುತ್ತದೆ, ಹೆಂಗಸಿನ ದನಿಯಲ್ಲಿ ದಾರಿ ಹೇಳುತ್ತದೆ, ಪಟ್ಟಿ ದಾಟಿದರೆ ಸ್ಟೀರಿಂಗನ್ನು ಮೆಲ್ಲಗೆ ಎಳೆಯುತ್ತದೆ. ಕಾರು ಸಿನಿಮಾವನ್ನು ಹಿಂದೆ ಹಾಕಿದೆ. ಒಳಗೆ ಕೂತ ನಾವು ಮಾತ್ರ ಇನ್ನೂ ಅದೇ ಗಾಂಧಿ ಕ್ಲಾಸಿನಲ್ಲಿ ಇದ್ದೇವೆ!

ಬಾಂಡ್ ಕಾರೂ, ಬೆಲ್ಟಿನ ಗುಟ್ಟೂ

1964ರಲ್ಲಿ 'ಗೋಲ್ಡ್ ಫಿಂಗರ್' ಬಂತು. ಜೇಮ್ಸ್ ಬಾಂಡನ ಆಸ್ಟನ್ ಮಾರ್ಟಿನ್ ಕಾರು ಜಗತ್ತನ್ನೇ ಹುಚ್ಚೆಬ್ಬಿಸಿತು. ದೀಪದ ಹಿಂದೆ ಬಂದೂಕು, ಹಿಂದಿನಿಂದ ಹೊಗೆ, ಎಲ್ಲಕ್ಕಿಂತ ಮಜಾ ಅಂದರೆ ಪಕ್ಕದ ಸೀಟು. ಗುಂಡಿ ಒತ್ತಿದರೆ ಶತ್ರು ಮಾಡು ಹಾರಿಸಿಕೊಂಡು ಆಕಾಶಕ್ಕೆ! ನಾಲ್ಕೇ ವರ್ಷದಲ್ಲಿ, 1968ರಲ್ಲಿ, ದೊರೈ-ಭಗವಾನ್ 'ಜೇಡರ ಬಲೆ'ಯಲ್ಲಿ ನಮ್ಮ ಅಣ್ಣಾವ್ರನ್ನೇ ಸಿಐಡಿ 999 ಮಾಡಿದರು. ಕನ್ನಡಕ್ಕೂ ಒಬ್ಬ ಬಾಂಡ್ ಸಿಕ್ಕಿದ. 1978ರ 'ಆಪರೇಷನ್ ಡೈಮಂಡ್ ರಾಕೆಟ್'ವರೆಗೆ ಆ ಓಟ ನಡೆಯಿತು. ಆಮೇಲೆ 1982ರಲ್ಲಿ ಅಮೆರಿಕದ ಟೀವಿಯಲ್ಲಿ 'ನೈಟ್ ರೈಡರ್'. ಕಿಟ್ ಎಂಬ ಕರಿಯ ಕಾರು ಯಜಮಾನನ ಜೊತೆ ಮಾತಾಡುತ್ತದೆ, ಬುದ್ಧಿ ಹೇಳುತ್ತದೆ, ತಾನೇ ಓಡುತ್ತದೆ. ಮೊನ್ನೆ ಮೊನ್ನೆ, 2024ರಲ್ಲಿ, ಪ್ರಭಾಸ್‌ನ 'ಕಲ್ಕಿ' ಚಿತ್ರದಲ್ಲಿ ಬುಜ್ಜಿ ಎಂಬ ಕಾರಿಗೆ ಕೀರ್ತಿ ಸುರೇಶ್ ದನಿ ಕೊಟ್ಟದ್ದೂ ಅದೇ ವಂಶದ ಕತೆ.

ಆದರೆ ಒಂದು ಗುಟ್ಟು ಕೇಳಿ. ಬಾಂಡ್ ಕಾರಿನ ಹಾರುವ ಸೀಟು ಬರೀ ಕಟ್ಟುಕತೆ ಅಲ್ಲ. ಯುದ್ಧವಿಮಾನಗಳಲ್ಲಿ ಅಂಥ ಸೀಟು ನಿಜವಾಗಿಯೂ ಉಂಟು. ಸ್ವೀಡನ್ನಿನ ಸಾಬ್ ಕಂಪೆನಿಯಲ್ಲಿ ಅದರ ಕೆಲಸ ಮಾಡುತ್ತಿದ್ದ ಎಂಜಿನಿಯರ್ ನಿಲ್ಸ್ ಬೋಲಿನ್ 1958ರಲ್ಲಿ ವೋಲ್ವೊ ಕಾರಿನ ಕಂಪೆನಿ ಸೇರಿದರು. ಮನುಷ್ಯನನ್ನು ಹೊರಗೆ ಹಾರಿಸುವ ವಿದ್ಯೆ ಗೊತ್ತಿದ್ದ ಆ ಪುಣ್ಯಾತ್ಮ 1959ರಲ್ಲಿ ಮನುಷ್ಯನನ್ನು ಒಳಗೇ ಹಿಡಿದು ಕೂರಿಸುವ ಪಟ್ಟಿ ಮಾಡಿಕೊಟ್ಟರು. ಅದೇ ಈಗ ನಿಮ್ಮ ಹೆಗಲಿನಿಂದ ಸೊಂಟಕ್ಕೆ ಬರುವ ಸೀಟ್ ಬೆಲ್ಟ್. ವೋಲ್ವೊದವರು ಪೇಟೆಂಟ್ ಇದ್ದರೂ ಬೇರೆ ಕಂಪೆನಿಗಳೂ ಅದನ್ನು ಮಾಡಲಿ ಎಂದು ಬಿಟ್ಟುಕೊಟ್ಟರು. ಸಿನಿಮಾದ ಸೀಟಿಗೆ ಐದು ವರ್ಷ ಮೊದಲೇ ಬೆಲ್ಟು ಬಂದಾಗಿತ್ತು. ನಮಗೆ ನೆನಪಿರುವುದು ಸೀಟು ಮಾತ್ರ!

ಏರ್‌ಬ್ಯಾಗಿನ ಕತೆ ಇನ್ನೂ ಮನಸ್ಸಿಗೆ ನಾಟುವಂಥದ್ದು. 1952ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಾನ್ ಹೆಟ್ರಿಕ್ ಎಂಬವರು ಹೆಂಡತಿ, ಮಗಳ ಜೊತೆ ಭಾನುವಾರದ ಸುತ್ತಾಟಕ್ಕೆ ಹೊರಟಿದ್ದರು. ದಾರಿಯಲ್ಲಿ ಬಂಡೆಕಲ್ಲು. ತಪ್ಪಿಸಲು ಕಾರು ತಿರುಗಿಸಿ ಬ್ರೇಕ್ ಒತ್ತಿದಾಗ ಗಂಡ ಹೆಂಡತಿ ಇಬ್ಬರ ಕೈಯೂ ಒಟ್ಟಿಗೇ ಮಗಳಿಗೆ ಅಡ್ಡ ಹೋಯಿತು. ಮನೆಗೆ ಬಂದ ಮೇಲೂ ಆ ಕೈ ಅವರ ತಲೆಯಿಂದ ಹೋಗಲಿಲ್ಲ. ಆ ಕೈಯ ಕೆಲಸವನ್ನು ಯಂತ್ರ ಯಾಕೆ ಮಾಡಬಾರದು ಎಂದು ಯೋಚಿಸಿ ಗಾಳಿ ತುಂಬಿ ಉಬ್ಬುವ ಚೀಲದ ನಕ್ಷೆ ಬರೆದರು. 1953ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ವರ್ಷ ಐಸಾಕ್ ಅಸಿಮೋವ್ ತಾನೇ ಓಡುವ ಕಾರುಗಳ 'ಸ್ಯಾಲಿ' ಎಂಬ ಕತೆ ಪ್ರಕಟಿಸಿದರು. ಕತೆಗಾರನೂ ಎಂಜಿನಿಯರನೂ ಒಂದೇ ವರ್ಷ ಒಂದೇ ಕಡೆಗೆ ಹೊರಟಿದ್ದರು.

ನಮ್ಮ ಅಮ್ಮಂದಿರ ಕೈ ನೆನಪಾಯ್ತಾ? ಸರ್ವಿಸ್ ಜೀಪಿನ ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕೂತ ನಮ್ಮ ಎದೆಗೆ, ಡ್ರೈವರ್ ಬ್ರೇಕ್ ಮುಟ್ಟಿದ ಕೂಡಲೇ ಒತ್ತುತ್ತಿದ್ದ ಆ ಕೈ. ಬೆಳ್ತಂಗಡಿ ಸೀಮೆಯ ಮೊದಲ ಏರ್‌ಬ್ಯಾಗ್ ಅದೇ! ಪ್ರೀತಿ ಎಷ್ಟಿದ್ದರೂ ಆ ಕೈಗೆ ಅಷ್ಟು ಬಲ ಎಲ್ಲಿಂದ ಬರಬೇಕು, ಹೇಳಿ?

ಜೀಪಣ್ಣನ ಕೊನೇ ಟ್ರಿಪ್

ಧರ್ಮಸ್ಥಳಕ್ಕೆ ಬಂದವರು ದೇವರ ದರ್ಶನ ಆದ ಮೇಲೆ ಅಲ್ಲಿನ ಹಳೆಯ ಕಾರುಗಳ ಸಂಗ್ರಹಾಲಯಕ್ಕೂ ಒಂದು ಸುತ್ತು ಹೋಗಿ ಬನ್ನಿ. ಮಿರಮಿರ ಮಿಂಚುವ ಕಾರುಗಳು! ಅವುಗಳ ಮುಂದೆ ನಿಂತಾಗ ನನಗೆ ಕಣ್ಣು ಹೋಗುವುದು ಸ್ಟೀರಿಂಗ್ ಮೇಲೆ. ಹಳೆಯ ಕಾರೆಂದರೆ ಗಟ್ಟಿ ಚಕ್ರ, ಅದರ ಹಿಂದೆ ನೇರ ಎದೆಗೆ ಗುರಿಯಿಟ್ಟ ಕಬ್ಬಿಣದ ಕಂಬ, ಮುಂದೆ ತಗಡಿನ ಹಲಗೆ. ಸುಂದರಿಯ ಕೈಯಲ್ಲಿ ಚೂರಿ ಇದ್ದ ಹಾಗೆ.

ಆ ಚೂರಿ ಏನು ಮಾಡುತ್ತದೆಂದು ನಾನು ಕಂಡದ್ದು ನಮ್ಮ ಜೀಪಣ್ಣನಲ್ಲಿ. ನಮ್ಮ ವಠಾರದವ. ಉಜಿರೆ, ಮುಂಡಾಜೆ, ಕಕ್ಕಿಂಜೆ ಕಡೆಗೆ ಸರ್ವಿಸ್ ಜೀಪು ಓಡಿಸುತ್ತಿದ್ದ. ಒಳಗೆ ಹದಿನೆಂಟು ಜನ, ಹಿಂದೆ ನೇತಾಡುವವರು ಲೆಕ್ಕಕ್ಕಿಲ್ಲ. ಗಾಜಿನ ಮೂಲೆಯಲ್ಲಿ ಶಂಕರ್‌ನಾಗ್ ಫೋಟೋ. "ಎಂತ ಮಾರಾಯ, ಶಂಕ್ರಣ್ಣನ ಹಾಗೆ ಗಾಡಿ ಬಿಡ್ಲಿಕ್ಕೆ ಯಾರಿಗೆ ಬರ್ತದೆ?" ಅನ್ನುತ್ತಿದ್ದ. 'ಆಟೋ ರಾಜ'ನ ಹಾಡು ಬಂದರೆ ಹಾರ್ನಿನಲ್ಲೇ ತಾಳ ಹಾಕುವ ಆಸಾಮಿ!

1991ರ ಮಳೆಗಾಲ. ಮದುವೆಯವರನ್ನು ಕೊಟ್ಟಿಗೆಹಾರದಲ್ಲಿ ಬಿಟ್ಟು ಒಬ್ಬನೇ ಚಾರ್ಮಾಡಿ ಘಾಟಿ ಇಳಿಯುತ್ತಿದ್ದ. ತಿರುವಿನಲ್ಲಿ ಎದುರಿಗೆ ಲಾರಿ. ಬ್ರೇಕ್ ಒತ್ತಿದ. ಒದ್ದೆ ರಸ್ತೆಯಲ್ಲಿ ಚಕ್ರ ಬಿಗಿಯಾಗಿ ನಿಂತಿತು, ಜೀಪು ನಿಲ್ಲಲಿಲ್ಲ. ಜಾರಿಕೊಂಡು ಹೋಗಿ ಧರೆಗೆ ಬಡಿಯಿತು. ನಾವು ಹೋಗಿ ನೋಡುವಾಗ ಮುಖದಲ್ಲಿ ಒಂದು ಗೀರೂ ಇಲ್ಲ. ಸ್ಟೀರಿಂಗ್ ಎದೆಯನ್ನು ಒಳಗೆ ತಳ್ಳಿತ್ತು. ಗಾಜು ಒಡೆದು ಚೂರಾಗಿತ್ತು, ಶಂಕರ್‌ನಾಗ್ ಫೋಟೋ ಸೀಟಿನ ಮೇಲೆ ಬಿದ್ದಿತ್ತು.

ಒಂದು ಚಕ್ರ ಬಿಗಿಯಾಗಿ ನಿಂತರೆ ಏನಾಗುತ್ತದೆ ಗೊತ್ತಾ? ಉರುಳದ ಚಕ್ರ ಜಾರುತ್ತದೆ. ಜಾರುವ ಚಕ್ರ ಸ್ಟೀರಿಂಗ್ ಮಾತು ಕೇಳುವುದಿಲ್ಲ. ನೀವು ಎಡಕ್ಕೆ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಎಬಿಎಸ್ ಎಂಬ ಸಾಧನ ಪ್ರತಿ ಚಕ್ರದ ವೇಗ ಗಮನಿಸುತ್ತಾ, ಅದು ಬಿಗಿಯಾಗುತ್ತಿದೆ ಎಂದ ಕೂಡಲೇ ಬ್ರೇಕನ್ನು ಸಡಿಲಿಸಿ ಮತ್ತೆ ಹಿಡಿಯುತ್ತದೆ, ಒಂದು ಸೆಕೆಂಡಿನೊಳಗೆ ಹಲವು ಸಲ. ಯಾವ ಡ್ರೈವರನ ಕಾಲಿಗೂ ಆ ಚುರುಕು ಇಲ್ಲ. ನಮ್ಮ ಬೆಂಗಳೂರಿನವರು ಮೈಕೋ ಎಂದೇ ಕರೆಯುತ್ತಿದ್ದ ಬಾಷ್ ಕಂಪೆನಿ ಅದನ್ನು 1978ರಲ್ಲೇ ಜರ್ಮನಿಯ ಮರ್ಸಿಡಿಸ್ ಕಾರಿಗೆ ಕೊಟ್ಟಿತ್ತು. ಜೀಪಣ್ಣ ಘಾಟಿ ಇಳಿಯುವಾಗ ಅದಕ್ಕೆ 13 ವರ್ಷ ವಯಸ್ಸು. ಚಾರ್ಮಾಡಿಗೆ ಮಾತ್ರ ಅದು ಇನ್ನೂ ವೈಜ್ಞಾನಿಕ ಕತೆ!

ಆನಗೋಡಿನ ಆ ಬೆಳಗು

ಜೀಪಣ್ಣ ಹೋಗುವ ಹಿಂದಿನ ವರ್ಷವೇ ಕನ್ನಡನಾಡು ಅನಾಥವಾಗಿತ್ತು. 1990ರ ಸೆಪ್ಟೆಂಬರ್ 30, ದಾವಣಗೆರೆ ಹತ್ತಿರದ ಆನಗೋಡು. 'ಜೋಕುಮಾರಸ್ವಾಮಿ' ಚಿತ್ರದ ಕೆಲಸಕ್ಕೆ ಹೊರಟಿದ್ದ ಶಂಕರ್‌ನಾಗ್ ಕಾರು ಅಪಘಾತದಲ್ಲಿ ಹೊರಟೇ ಹೋದರು. ವಯಸ್ಸು ಬರೀ 35. ಅಂದು ಜೀಪಣ್ಣ ಜೀಪು ತೆಗೆಯಲಿಲ್ಲ, ಊಟ ಮಾಡಲಿಲ್ಲ.

ನಾಳೆಯ ಕನಸು ಕಾಣುತ್ತಿದ್ದ ನಟ ಎಂದರೆ ಆತ. ಸಂಕೇತ್ ಸ್ಟುಡಿಯೋ ಕಟ್ಟಿದರು, 'ಮಾಲ್ಗುಡಿ ಡೇಸ್' ಮಾಡಿದರು, ಬೆಂಗಳೂರಿಗೆ ಮೆಟ್ರೋ ರೈಲು, ನಂದಿ ಬೆಟ್ಟಕ್ಕೆ ತೂಗುಯಾನ ಎಂದು ಓಡಾಡಿದರು. ಆಗ ನಕ್ಕವರುಂಟು. 2011ರಲ್ಲಿ ಬೆಂಗಳೂರಿಗೆ ಮೆಟ್ರೋ ಬಂದೇ ಬಂತು. ನೋಡಲು ಕನಸುಗಾರ ಇರಲಿಲ್ಲ.

ಆ 1990ರಲ್ಲೇ ಹಾಲಿವುಡ್ಡಿನಲ್ಲಿ 'ಟೋಟಲ್ ರಿಕಾಲ್' ಬಂತು. ಅದರಲ್ಲಿ ಗೊಂಬೆಯೊಂದು ಟ್ಯಾಕ್ಸಿ ಓಡಿಸುತ್ತದೆ. ಪರದೆಯ ಮೇಲೆ ಡ್ರೈವರ್ ಇಲ್ಲದ ಟ್ಯಾಕ್ಸಿ, ಯುರೋಪಿನ ದುಬಾರಿ ಕಾರುಗಳಲ್ಲಿ ಆಗಲೇ ಏರ್‌ಬ್ಯಾಗ್. ನಮ್ಮಲ್ಲಿ? ಹೊಸ ಕಾರಿನ ಮುಂದಿನ ಸೀಟಿಗೆ ಬೆಲ್ಟ್ ಇರಲೇಬೇಕೆಂಬ ನಿಯಮ ಬಂದದ್ದೇ 1994ರಲ್ಲಿ. ಬೋಲಿನ್ ಬೆಲ್ಟ್ ಮಾಡಿದ್ದು 1959ರಲ್ಲಿ. ಲೆಕ್ಕ ಹಾಕಿ, 35 ವರ್ಷ. ಶಂಕರ್‌ನಾಗ್ ಬದುಕಿದ್ದಷ್ಟೇ ಕಾಲ! ಅದೇ 1994ರಲ್ಲಿ ನಮ್ಮ 'ಬೆಳ್ಳಿ ಕಾಲುಂಗುರ'ದ ಸುನಿಲ್ ಕೂಡ ಕಾರು ಅಪಘಾತದಲ್ಲಿ ಹೋದರು. 2021ರಲ್ಲಿ ರಾಷ್ಟ್ರಪ್ರಶಸ್ತಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ. ಬೆಲ್ಟೋ ಏರ್‌ಬ್ಯಾಗೋ ಇದ್ದಿದ್ದರೆ ಇಂಥವರು ಉಳಿಯುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಆದರೆ ಅಭಿಮಾನಿಗಳಾದ ನಾವು ಕಟೌಟಿಗೆ ಹಾರ ಹಾಕಿದಷ್ಟೇ ಶ್ರದ್ಧೆಯಿಂದ ಈ ರಸ್ತೆಯ ವಿಷಯ ಯೋಚಿಸಿದ್ದೇವಾ?

2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ನಮ್ಮ ದೇಶದ ಜನಪ್ರಿಯ ಸಣ್ಣ ಕಾರು ಐದನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿತು. ಐದಕ್ಕೂ ಸೊನ್ನೆ ನಕ್ಷತ್ರ! ಗಲ್ಲಾಪೆಟ್ಟಿಗೆಯಲ್ಲಿ ಹಿಟ್, ಪರೀಕ್ಷೆಯಲ್ಲಿ ಫ್ಲಾಪ್. ನಾಲ್ಕೇ ವರ್ಷದಲ್ಲಿ, 2018ರ ಡಿಸೆಂಬರಿನಲ್ಲಿ, ಟಾಟಾ ನೆಕ್ಸಾನ್ ಐದಕ್ಕೆ ಐದು ನಕ್ಷತ್ರ ಗಳಿಸಿತು. 2019ರಲ್ಲಿ ಹೊಸ ಕಾರುಗಳಿಗೆಲ್ಲ ಎಬಿಎಸ್, ಡ್ರೈವರನ ಏರ್‌ಬ್ಯಾಗ್, ಬೆಲ್ಟ್ ಹಾಕದಿದ್ದರೆ ಕೂಗುವ ಸದ್ದು, ವೇಗ 80 ದಾಟಿದರೆ ಎಚ್ಚರಿಕೆ ಕಡ್ಡಾಯವಾಯಿತು. 2021 ಮುಗಿಯುವಾಗ ಪಕ್ಕದ ಸೀಟಿಗೂ ಏರ್‌ಬ್ಯಾಗ್. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂದು ನಮ್ಮದೇ ಪರೀಕ್ಷೆ, ನಮ್ಮದೇ ನಕ್ಷತ್ರ. ಸಿನಿಮಾದ ಸ್ಟಾರ್ ಮಾತ್ರ ಎಣಿಸುತ್ತಿದ್ದ ನಾವು ಕಾರಿನ ಸ್ಟಾರ್ ಎಣಿಸುವ ಕಾಲ ಬಂತು!

ಅಡಿಕೆ ಮರದ ಲೆಕ್ಕ

"ನಮ್ದು ಅರವತ್ತರ ಸ್ಪೀಡು, ಅಷ್ಟಕ್ಕೆಲ್ಲ ಬೆಲ್ಟ್ ಯಾಕೆ?" ಅನ್ನುವವರಿಗೆ ನಮ್ಮೂರಿನ ಲೆಕ್ಕ ಹೇಳುತ್ತೇನೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗೋಡೆಗೆ ಬಡಿಯುವುದೂ, 14 ಮೀಟರ್ ಎತ್ತರದಿಂದ ನೆಲಕ್ಕೆ ಬೀಳುವುದೂ ವೇಗದಲ್ಲಿ ಒಂದೇ. 14 ಮೀಟರ್ ಅಂದರೆ 46 ಅಡಿ, ಎತ್ತರದ ಅಡಿಕೆ ಮರದ ತುದಿ! ಬೆಳ್ತಂಗಡಿಯಲ್ಲಿ ಅಡಿಕೆ ಮರದಿಂದ ಬಿದ್ದವರ ಗತಿ ಏನೆಂದು ಯಾರಿಗೂ ವಿವರಿಸಬೇಕಾಗಿಲ್ಲ. 40ರ ವೇಗ ಅಂದರೂ 20 ಅಡಿ ಆಗುತ್ತದೆ. ಮರ ಹತ್ತುವವ ತಳೆ ಇಲ್ಲದೆ ಹತ್ತುತ್ತಾನಾ? ನೀವು ಮಾತ್ರ ಬೆಲ್ಟ್ ಇಲ್ಲದೆ ಯಾಕೆ ಹೊರಡುತ್ತೀರಿ?

ಕಾರು ಗುದ್ದಿ ನಿಲ್ಲುತ್ತದೆ, ಒಳಗಿನ ಮನುಷ್ಯ ಮಾತ್ರ ಅದೇ ವೇಗದಲ್ಲಿ ಮುಂದೆ ಹೋಗುತ್ತಾನೆ. ಏರ್‌ಬ್ಯಾಗ್ ಒಂದು ಸೆಕೆಂಡನ್ನು ನೂರು ಪಾಲು ಮಾಡಿದರೆ ಮೂರ್ನಾಲ್ಕು ಪಾಲಿನಲ್ಲಿ ಉಬ್ಬಿ ನಿಲ್ಲುತ್ತದೆ, ನೀವು ಕಣ್ಣು ಮಿಟುಕಿಸುವ ಮೊದಲೇ! ಆದರೆ ಅದು ಬೆಲ್ಟಿನ ಜೊತೆಗಾರ, ಬೆಲ್ಟಿನ ಬದಲಿಗಲ್ಲ. ಬೆಲ್ಟಿಲ್ಲದೆ ಮುಂದಕ್ಕೆ ಮುಗ್ಗರಿಸಿದವನಿಗೆ ಆ ಚೀಲವೇ ಬಾಕ್ಸರನ ಗುದ್ದು ಕೊಡುತ್ತದೆ. ಮುಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡರಂತೂ ಮುಗಿದೇ ಹೋಯಿತು.

ಮಂಜು ಕವಿದಾಗ

ಕಳೆದ ಮಳೆಗಾಲ ಬೆಂಗಳೂರಿನಿಂದ ಭಾವ ಬಂದರು, ಹೊಸ ಕಾರಿನಲ್ಲಿ. ಮುಂದೆ ರಾಡಾರ್, ಗಾಜಿನ ಹಿಂದೆ ಕ್ಯಾಮೆರಾ. ಗುರುವಾಯನಕೆರೆ ದಾಟುವಾಗ ಸ್ಕೂಟರಿನವನೊಬ್ಬ ಒಳರಸ್ತೆಯಿಂದ ಸೀದಾ ಅಡ್ಡ ಬಂದ. ಭಾವ ಕಾಲೆತ್ತುವ ಮೊದಲೇ ಕಾರು ಕೂಗಿತು, ಬ್ರೇಕ್ ತಾನೇ ಬಿತ್ತು, ಬೆಲ್ಟ್ ನನ್ನ ಎದೆಯನ್ನು ಗಕ್ಕನೆ ಹಿಡಿಯಿತು. ಸ್ಕೂಟರಿನವ ನಮ್ಮ ಕಡೆ ನೋಡದೆ ಹೊರಟೇ ಹೋದ, ತನ್ನ ಪಾಡಿಗೆ! ನನಗಂತೂ ಕಿಟ್ ಕಾರೇ ಎದುರು ಬಂದಂತಾಯಿತು.

ಅದೇ ಕಾರು ಚಾರ್ಮಾಡಿ ಹತ್ತುವಾಗ ಮಂಜು ಕವಿಯಿತು. ಮುಂದಿನ ಚಕ್ರವೇ ಕಾಣದಂಥ ಬಿಳಿ. ರಸ್ತೆಯ ಪಟ್ಟಿ ಅಳಿಸಿತ್ತು. ಪರದೆಯ ಮೇಲೆ ಅಕ್ಷರ ಮೂಡಿತು, ಕ್ಯಾಮೆರಾಕ್ಕೆ ಕಾಣಿಸುತ್ತಿಲ್ಲ, ಸಹಾಯ ನಿಂತಿದೆ ಎಂದು. ಭಾವನ ಮುಖ ಸಪ್ಪಗಾಯಿತು. ನಾನೆಂದೆ, "ಎಂತ ಹೆದರುವುದು ಭಾವಾ? ಸೆಕೆಂಡ್ ಗೇರ್ ಹಾಕಿ, ತಿರುವಿನಲ್ಲಿ ಹಾರ್ನ್ ಹೊಡೀರಿ, ಮೆಲ್ಲ ಹೋಗುವಾ." ಯಂತ್ರ ಕೈಬಿಟ್ಟಲ್ಲಿ ಜೀಪಣ್ಣನ ವಿದ್ಯೆಯೇ ಬೇಕಾಯಿತು. ಯುರೋಪಿನಲ್ಲಿ 2018ರಿಂದ ಹೊಸ ಮಾದರಿಯ ಕಾರುಗಳು ಅಪಘಾತವಾದರೆ ತಾವೇ ಫೋನ್ ಮಾಡಿ ಸಹಾಯ ಕರೆಯುತ್ತವೆ. ಆ ದಿನ ಘಾಟಿಯ ತಿರುವಿನಲ್ಲಿ ನನ್ನ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಇರಲಿಲ್ಲ. ಕಾರು ಯಾರಿಗೆ ಫೋನ್ ಮಾಡಬೇಕು ಸ್ವಾಮೀ?

ನೂರು ರೂಪಾಯಿಯ ಕ್ಲಿಪ್ಪು

ಈಗ ನನ್ನ ಹೊಟ್ಟೆಯಲ್ಲಿ ಉರಿಯುವ ವಿಷಯಕ್ಕೆ ಬರುತ್ತೇನೆ. ನನ್ನ ಅಕ್ಕನ ಮಗ ಟ್ಯಾಕ್ಸಿ ಓಡಿಸುತ್ತಾನೆ. ಧರ್ಮಸ್ಥಳದ ಯಾತ್ರಿಕರನ್ನು ಕೊಟ್ಟಿಗೆಹಾರದ ದಾರಿಯಲ್ಲಿ ಹೊರನಾಡಿಗೆ ಕರಕೊಂಡು ಹೋಗುವುದು ಅವನ ದಿನಚರಿ. ಸಾಲ ಮಾಡಿ ಹೊಸ ಗಾಡಿ ತಂದ. ಏರ್‌ಬ್ಯಾಗ್ ಉಂಟು, ಎಬಿಎಸ್ ಉಂಟು. ಅಕ್ಕ ಆರತಿ ಎತ್ತಿದಳು. ನಾನು ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಎಳೆದರೆ ಕೊಂಡಿಗೆ ಜಾಗವೇ ಇಲ್ಲ! ಅಲ್ಲಿ ಒಂದು ಖಾಲಿ ಕ್ಲಿಪ್ಪು ಚುಚ್ಚಿ ಇಟ್ಟಿದ್ದ.

"ಇದೆಂಥದಾ?" ಎಂದೆ.

"ಬೀಪ್ ಬೀಪ್ ಅಂತ ತಲೆ ತಿನ್ತದೆ ಮಾವ. ಪಾರ್ಟಿಯವರಿಗೆ ಕಿರಿಕಿರಿ. ನೂರು ರೂಪಾಯಿಗೆ ಸಿಗ್ತದೆ."

ನೋಡಿ, ಒಬ್ಬ ಎಂಜಿನಿಯರ್ ವಿಮಾನದ ವಿದ್ಯೆ ಬಿಟ್ಟು ಬೆಲ್ಟ್ ಮಾಡಿದ. ಸರಕಾರ ಅರುವತ್ತು ವರ್ಷ ತಡವಾಗಿಯಾದರೂ ಆ ಸದ್ದನ್ನು ಕಡ್ಡಾಯ ಮಾಡಿತು. ಅದೆಲ್ಲದರ ಬಾಯಿಗೆ ನೂರು ರೂಪಾಯಿಯ ಬಿರಡೆ! ಇಂಥ ಕ್ಲಿಪ್ಪುಗಳನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆಯಬೇಕೆಂದು 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆದೇಶ ಮಾಡಿತು. 13 ಸಾವಿರಕ್ಕೂ ಹೆಚ್ಚು ಜಾಹೀರಾತು ತೆಗೆಸಿತು. ಚಟ ಹೋಗಬೇಕಲ್ಲ?

ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಬೆಲ್ಟ್ ಹಾಕದೆ ಸತ್ತವರು 16,715. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅದೇ ವರ್ಷ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ಮರ್ಸಿಡಿಸ್ ಕಾರಿನಲ್ಲಿ ಹೋದರು. ಮುಂದೆ ಕೂತ ಇಬ್ಬರು ಉಳಿದರು, ಹಿಂದೆ ಬೆಲ್ಟಿಲ್ಲದೆ ಕೂತ ಇಬ್ಬರು ಉಳಿಯಲಿಲ್ಲ. ದುಡ್ಡು ಕೊಟ್ಟರೆ ಕಾರು ಸಿಗುತ್ತದೆ, ಬೆಲ್ಟನ್ನು ನಾವೇ ಎಳೆದುಕೊಳ್ಳಬೇಕು.

ಅಳಿಯನಿಗೆ ನಾನು ಈ ಅಂಕಿ ಅಂಶ ಹೇಳಲಿಲ್ಲ. ಅವನೂ ಸಿನಿಮಾ ಹುಚ್ಚ. ಹಾಗಾಗಿ ಸಿನಿಮಾದ ಮಾತೇ ಹೇಳಿದೆ. 2006ರ 'ಕ್ಯಾಸಿನೋ ರಾಯಲ್' ಚಿತ್ರದಲ್ಲಿ ಬಾಂಡನ ಕಾರು ಏಳು ಸಲ ಪಲ್ಟಿ ಹೊಡೆಯುತ್ತದೆ, ಗಿನ್ನೆಸ್ ದಾಖಲೆ. ಒಳಗೆ ಕೂತು ಉರುಳಿಸಿದವನು ಆಡಂ ಕರ್ಲಿ ಎಂಬ ಸ್ಟಂಟ್ ಡ್ರೈವರ್. ಅಂಥವರು ಸುಮ್ಮನೆ ಕೂರುವುದಿಲ್ಲ. ಸುತ್ತ ಕಬ್ಬಿಣದ ಪಂಜರ, ತಲೆಗೆ ಹೆಲ್ಮೆಟ್, ಎದೆಗೆ ಸೊಂಟಕ್ಕೆ ಅಲ್ಲಾಡದಂತೆ ಬೆಲ್ಟ್. "ಪರದೆ ಮೇಲೆ ಬೆಲ್ಟ್ ಇಲ್ಲದೆ ಹಾರುವವ ಹೀರೋ. ನಿಜವಾಗಿ ಹಾರಿದವ ಎಲ್ಲರಿಗಿಂತ ಬಿಗಿಯಾಗಿ ಬೆಲ್ಟ್ ಕಟ್ಟಿದವ. ನೀನು ಯಾರ ಫ್ಯಾನು?" ಎಂದೆ. ಜೀಪಣ್ಣನ ಕತೆಯನ್ನೂ ಹೇಳಿದೆ. ಅವ ಮಾತಾಡಲಿಲ್ಲ, "ನೋಡುವಾ ಮಾವ" ಎಂದು ಗಾಡಿ ತೆಗೆದ.

ಹದಿನೈದು ದಿನದ ಮೇಲೆ ಅಕ್ಕನನ್ನು ಮಂಗಳೂರಿಗೆ ಕರಕೊಂಡು ಹೋಗಲು ಬಂದ. ನಾನೂ ಹಿಂದಿನ ಸೀಟಿನಲ್ಲಿ ಕೂತೆ. ಗಾಡಿ ಹೊರಡಲೇ ಇಲ್ಲ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಾನೆ ಆಸಾಮಿ!

"ಮಾವ, ಹಿಂದಿನವರಿಗೂ ಉಂಟು ಬೆಲ್ಟ್. ಇಲ್ಲಾಂದ್ರೆ ಸಾವಿರ ರೂಪಾಯಿ ಫೈನು. ನೀವು ಹಾಕದೆ ನಾನು ಗೇರ್ ಮುಟ್ಟುವುದಿಲ್ಲ."

ಅಕ್ಕನ ಬೆಲ್ಟನ್ನು ಅವನೇ ತಿರುಗಿ ಹಾಕಿಕೊಟ್ಟ. ಮುಂದಿನ ಸೀಟಿನ ಕ್ಲಿಪ್ಪಿನ ಜಾಗ ಖಾಲಿಯಾಗಿತ್ತು.

ಅಭಿಮಾನಿ ಗೆಳೆಯರೇ, ಮುಂದಿನ ಶುಕ್ರವಾರ ನಿಮ್ಮ ನೆಚ್ಚಿನ ನಟನ ಚಿತ್ರ ಬರುತ್ತದೆ. ಫಸ್ಟ್ ಶೋಗೆ ಕಾರು ಮಾಡಿಕೊಂಡು ಹೊರಡುತ್ತೀರಿ, ಬೊಬ್ಬೆ ಹೊಡೆಯುತ್ತೀರಿ. ಹೊಡೆಯಿರಿ! ಆದರೆ ಐದು ಸೀಟಿಗೆ ಐದೇ ಜನ, ಐದು ಕೊಂಡಿಗೂ 'ಕ್ಲಿಕ್'. ಗಾಡಿ ಆಮೇಲೆ ಹೊರಡಲಿ. ಇನ್ನು ಯಾವ ನಿರ್ದೇಶಕರಾದರೂ ಇದನ್ನು ಓದುತ್ತಿದ್ದರೆ ಒಂದು ಸಣ್ಣ ಕೋರಿಕೆ. ಹೀರೋ ಕಾರಿಗೆ ಹಾರಿಯೇ ಕೂರಲಿ, ನಮಗೇನೂ ಬೇಸರವಿಲ್ಲ. ಕೂತ ಮೇಲೆ ಒಂದೇ ಒಂದು ಕ್ಲೋಸಪ್ಪಿನಲ್ಲಿ ಬೆಲ್ಟ್ ಎಳೆದುಕೊಳ್ಳಲಿ. ಬೆಳ್ತಂಗಡಿಯಿಂದ ಮೊದಲ ಸಿಳ್ಳೆ ನನ್ನದು!